ಸುಗ್ಗಿಯಿಂದ ಸುಗ್ಗಿಗೆ ಮನೆ ಲೆಕ್ಕ

ಮಾನ್ಯ ಸಂಪಾದಕರಿಗೆ,

ಮನೆ ಖರ್ಚಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳು ಬಹುಪಾಲು ಒಂದನೇ ತಾರೀಖಿಗೆ ಪಗಾರ ಬರುವ ಮನೆಯನ್ನು ಮುಂದಿಟ್ಟುಕೊಂಡು ಬರೆದವು. ಬಂದದ್ದರಲ್ಲಿ ಅರ್ಧ ಅಗತ್ಯಕ್ಕೆ, ನೂರಕ್ಕೆ ಮೂವತ್ತು ಇಷ್ಟದ ಖರ್ಚಿಗೆ, ಇಪ್ಪತ್ತು ಉಳಿತಾಯಕ್ಕೆ ಎಂಬ ಸೂತ್ರ ಅಂಥ ಮನೆಗೆ ಸರಿ. ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪದ ಭತ್ತದ ಮನೆಗಾಗಲಿ, ರಾಯಚೂರು–ಮಾನ್ವಿಯ ಹತ್ತಿ ಮನೆಗಾಗಲಿ ಅದು ಹೊಂದುವುದಿಲ್ಲ. ಇಲ್ಲಿ ಹಣ ವರ್ಷಕ್ಕೊಮ್ಮೆ ಬರುತ್ತದೆ, ಕಾಲುವೆಗೆ ನೀರು ಬಿಟ್ಟರೆ ಎರಡು ಸಲ. ಒಲೆ ಮಾತ್ರ ದಿನವೂ ಉರಿಯಬೇಕು. ಹಾಗಾಗಿ ನಮ್ಮ ಭಾಗದ ಮನೆ ಲೆಕ್ಕವನ್ನು ಸುಗ್ಗಿಯಿಂದ ಸುಗ್ಗಿಗೆ ಬರೆಯಬೇಕು, ಅದನ್ನೂ ತಕ್‌ಪಟ್ಟಿ (ಮಾಲು ಮಾರಿದಾಗ ಅಂಗಡಿಯವರು ಕೊಡುವ ಲೆಕ್ಕದ ಚೀಟಿ) ಕೈಗೆ ಬಂದ ದಿನವೇ ಶುರು ಮಾಡಬೇಕು. ಹೇಗೆ ಎಂಬುದನ್ನು ಅಂಕಿಗಳ ಸಮೇತ ಬರೆಯುತ್ತಿದ್ದೇವೆ.

ನಾಲ್ಕು ಎಕರೆ ಭತ್ತದ ಮನೆಯನ್ನು ಉದಾಹರಣೆಗೆ ಹಿಡಿಯೋಣ. ಎಕರೆಗೆ 38 ಚೀಲದಂತೆ 152 ಚೀಲ, ಚೀಲಕ್ಕೆ 1,700 ರೂಪಾಯಿ ಎಂದರೆ 2,58,400 ರೂಪಾಯಿ. ಬೀಜ, ಗೊಬ್ಬರ, ಔಷಧಿ, ನಾಟಿ ಕೂಲಿ, ಕಟಾವು ಯಂತ್ರದ ಬಾಡಿಗೆ ಸೇರಿ ಎಕರೆಗೆ 36,000 ಲಾಗೋಡಿ ಬಿದ್ದಿದ್ದರೆ ಒಟ್ಟು 1,44,000. ಮನೆಯದು ಎನ್ನಬಹುದಾದದ್ದು 1,14,400. ಎರಡೂವರೆ ಲಕ್ಷ ಕೈಗೆ ಬಂತು ಎಂಬ ಭಾವನೆಯಲ್ಲೇ ಮೊದಲ ತಪ್ಪು ಆಗುತ್ತದೆ. ಆ ವಾರ ಬೈಕಿನ ಮುಂಗಡ, ಸೀರೆ, ಮೊಬೈಲ್ ಎಲ್ಲವೂ ಎರಡೂವರೆ ಲಕ್ಷದ ಲೆಕ್ಕದಲ್ಲಿ ನಡೆಯುತ್ತವೆ. ಲಾಗೋಡಿ ಸಾಲದ ನೆನಪಾಗುವ ಹೊತ್ತಿಗೆ ಸಂಕ್ರಾಂತಿ ದಾಟಿರುತ್ತದೆ.

ಮುಖ್ಯ ಪ್ರಶ್ನೆ ಇನ್ನು ಮುಂದಿನದು: 1,14,400ನ್ನು ಎಷ್ಟು ತಿಂಗಳಿಗೆ ಹಂಚಬೇಕು? ಎರಡನೇ ಬೆಳೆ ಬರುತ್ತದೆ ಎಂದುಕೊಂಡವರು ಆರು ತಿಂಗಳಿಗೆ ಹಂಚುತ್ತಾರೆ. 2023ರ ಬರದಲ್ಲಿ ಹಿಂಗಾರಿ ಭತ್ತಕ್ಕೆ ನೀರು ಸಿಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ, ತುಂಬಿದ್ದ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಡ್ಯಾಂ ತುಂಬಿದೆ ಎಂಬುದೂ ಖಾತ್ರಿಯಲ್ಲ ಎಂದು ಆ ವರ್ಷ ಗೊತ್ತಾಯಿತು. ಆಮೇಲೆ ಅಡ್ಡಹಲಗೆ ಇಳಿಸಿ ನೀರು ಉಳಿಸಿದರು, ಮಳೆಯೂ ಕೈಹಿಡಿಯಿತು. ಆದರೆ ಮನೆ ಲೆಕ್ಕ ಮಳೆಯ ಮೇಲೆ ನಿಲ್ಲಬಾರದು. ಎರಡನೇ ಬೆಳೆಗೆ ನೀರು ಬಿಡುವ ಬಗ್ಗೆ ನೀರಾವರಿ ಸಲಹಾ ಸಮಿತಿಯ ತೀರ್ಮಾನ ಹೊರಬೀಳುವವರೆಗೆ ಹನ್ನೆರಡು ತಿಂಗಳಿಗೇ ಹಂಚಬೇಕು.

ಹಂಚುವ ಮುನ್ನ ವರ್ಷದ ದೊಡ್ಡ ಖರ್ಚುಗಳನ್ನು ತೆಗೆದಿಡಬೇಕು. ಅವು ತಿಂಗಳ ಖರ್ಚಿನಲ್ಲಿ ಕಾಣುವುದಿಲ್ಲ, ಆದರೆ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಜೂನ್‌ನಲ್ಲಿ ಶಾಲೆ ಫೀಸು, ಪುಸ್ತಕ 18,000. ದಸರಾ, ದೀಪಾವಳಿ, ಯುಗಾದಿ, ಊರ ಜಾತ್ರೆ, ಮೊಹರಂ, ಬಟ್ಟೆಬರೆ ಸೇರಿ 12,000. ದವಾಖಾನೆಗೆ 8,000. ಮದುವೆಗಳ ಮುಯ್ಯಿ 6,000. ಮನೆ ರಿಪೇರಿ 5,000. ಬೈಕಿನ ವಿಮೆ, ಸರ್ವಿಸ್ 4,000. ಗಂಡ ಹೆಂಡತಿ ಇಬ್ಬರ ಪ್ರಧಾನಮಂತ್ರಿ ಜೀವನಜ್ಯೋತಿ ಮತ್ತು ಸುರಕ್ಷಾ ವಿಮೆ 912. ಎಲ್ಲ ಕೂಡಿದರೆ 53,912. ಉಳಿಯುವುದು 60,488, ಅಂದರೆ ಹನ್ನೆರಡು ತಿಂಗಳಿಗೆ ತಿಂಗಳೊಂದಕ್ಕೆ 5,040 ರೂಪಾಯಿ. ಅದೇ ಹಣವನ್ನು ಆರು ತಿಂಗಳಿಗೆ ಹಂಚಿ, ದೊಡ್ಡ ಖರ್ಚುಗಳಲ್ಲೂ ಅರ್ಧವನ್ನಷ್ಟೇ ಹಿಡಿದರೆ ತಿಂಗಳಿಗೆ 14,574 ಬರುತ್ತದೆ. ಒಂದೇ ಮನೆ, ಒಂದೇ ಬೆಳೆ. ಎರಡನೇ ಅಂಕಿಯನ್ನು ನಂಬಿ ಡಿಸೆಂಬರ್‌ನಿಂದ ಖರ್ಚು ಮಾಡಿದ ಮನೆಗೆ ನೀರು ಬರದಿದ್ದರೆ ಮೇ ತಿಂಗಳಲ್ಲಿ ಬಂಗಾರ ಅಡವಿಡದೆ ಬೇರೆ ದಾರಿ ಇರುವುದಿಲ್ಲ. ಹನ್ನೆರಡು ತಿಂಗಳ ಲೆಕ್ಕ ಹಿಡಿದ ಮನೆಗೆ 5,040 ಸಾಲುವುದಿಲ್ಲ ಎಂಬುದು ಡಿಸೆಂಬರ್‌ನಲ್ಲೇ ಗೊತ್ತಾಗುತ್ತದೆ. ಕೂಲಿ, ಎಮ್ಮೆ, ಹೊಲಿಗೆ, ಯಾವುದರಿಂದ ಎಷ್ಟು ತುಂಬಿಕೊಳ್ಳಬೇಕು ಎಂದು ಯೋಚಿಸಲು ಐದು ತಿಂಗಳು ಮೊದಲೇ ಸಿಗುತ್ತದೆ.

ಕ್ರಮವೂ ಮುಖ್ಯ. ತಕ್‌ಪಟ್ಟಿಯ ಹಣ ಬಂದ ದಿನ ಮೊದಲು ಸೊಸೈಟಿ ಅಥವಾ ಬ್ಯಾಂಕಿನ ಬೆಳೆ ಸಾಲದ ಪಾಲು, ಎರಡನೆಯದಾಗಿ ಮುಂದಿನ ಬೆಳೆಯ ಲಾಗೋಡಿ, ಮೂರನೆಯದಾಗಿ ವರ್ಷದ ದೊಡ್ಡ ಖರ್ಚು, ಕೊನೆಗೆ ತಿಂಗಳ ಖರ್ಚು. ಲಾಗೋಡಿ ಮತ್ತು ದೊಡ್ಡ ಖರ್ಚಿನ ಹಣವನ್ನು ದಿನಬಳಕೆಯ ಖಾತೆಯಲ್ಲಿ ಇಡಬಾರದು. ಫೋನ್‌ಪೇಗೆ ಜೋಡಿಸದ ಇನ್ನೊಂದು ಖಾತೆಯಲ್ಲಿರಲಿ, ಇಲ್ಲವೇ ಬ್ಯಾಂಕಿನಲ್ಲಿ ಆರು ತಿಂಗಳು, ಒಂಬತ್ತು ತಿಂಗಳ ಠೇವಣಿಗಳಾಗಿ ಒಡೆದು ಇಡಿ. ಶಾಲೆ ಫೀಸಿನ ಠೇವಣಿ ಮೇ ಕೊನೆಗೆ ಮುಗಿಯುವಂತೆ ಮಾಡಿದರೆ ಅದನ್ನು ನಡುವೆ ಮುರಿಯುವ ಮನಸ್ಸಾಗುವುದಿಲ್ಲ. ತಿಂಗಳ ಖರ್ಚಿನ ಹಣ ಮಾತ್ರ ಒಂದನೇ ತಾರೀಖಿಗೆ ಮನೆ ಖಾತೆಗೆ ಹೋಗಬೇಕು. ಹೊಲವೇ ಮನೆಗೆ ಪಗಾರ ಕೊಟ್ಟಂತೆ.

ಚೀಲ ಮತ್ತು ಕ್ವಿಂಟಲ್ ಬಗ್ಗೆ ಒಂದು ಮಾತು. ನಮ್ಮ ಕಡೆ ಭತ್ತದ ದರವನ್ನು 75 ಕೆ.ಜಿ. ಚೀಲಕ್ಕೆ ಹೇಳುತ್ತಾರೆ, ಸರ್ಕಾರ ಕ್ವಿಂಟಲ್‌ಗೆ ಹೇಳುತ್ತದೆ. ಚೀಲದ ದರಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿದರೆ ಕ್ವಿಂಟಲ್ ದರ. ಕ್ವಿಂಟಲ್ ದರದಲ್ಲಿ ಕಾಲು ಭಾಗ ಕಳೆದರೆ ಚೀಲದ ದರ. 2025–26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ, ಚೀಲಕ್ಕೆ 1,776 ರೂಪಾಯಿ 75 ಪೈಸೆ. 1,700ಕ್ಕೆ ಮಾರಿದವರು 152 ಚೀಲದ ಮೇಲೆ 11,666 ರೂಪಾಯಿ ಬಿಟ್ಟಂತಾಯಿತು. ಮೇಲಿನ ಲೆಕ್ಕದ ಮನೆಗೆ ಅದು ಎರಡು ತಿಂಗಳ ಖರ್ಚಿಗಿಂತ ಹೆಚ್ಚು. ಖರೀದಿ ಕೇಂದ್ರದ ಹಣ ತಡವಾಗಿ ಬರಬಹುದು, ಕಾಯಲು ಆಗದವರು ಮಾರುತ್ತಾರೆ, ಅದು ಅರ್ಥವಾಗುವಂಥದ್ದೇ. ಆದರೆ ಕಾಯದಿರುವುದಕ್ಕೆ ಎಷ್ಟು ತೆರುತ್ತಿದ್ದೇವೆ ಎಂಬುದಾದರೂ ಪುಸ್ತಕದಲ್ಲಿ ಇರಲಿ. ತಕ್‌ಪಟ್ಟಿಯಲ್ಲಿ ಚೀಲದ ಸಂಖ್ಯೆ, ತೂಕ, ಹಮಾಲಿ, ಸೂಟ್ ಹೆಸರಿನ ಕಡಿತ ಬೇರೆ ಬೇರೆಯಾಗಿ ಬರೆದಿದೆಯೇ ನೋಡಿ. ಎಪಿಎಂಸಿ ಕಾನೂನಿನ ಪ್ರಕಾರ ದಲಾಲಿ ಕೊಡಬೇಕಾದವರು ಖರೀದಿದಾರರು, ಬೆಳೆದವರಲ್ಲ. ಬಿಳಿ ಚೀಟಿಯ ಮೇಲೆ ಒಟ್ಟು ಮೊತ್ತ ಮಾತ್ರ ಬರೆದುಕೊಟ್ಟರೆ ಏನು ಕಡಿತವಾಯಿತು ಎಂದು ಯಾವತ್ತೂ ತಿಳಿಯುವುದಿಲ್ಲ.

ಹತ್ತಿ ಮನೆಯ ಲೆಕ್ಕ ಸ್ವಲ್ಪ ಬೇರೆ. ಹತ್ತಿ ಮೂರು ನಾಲ್ಕು ಬಿಡಿಕೆಯಲ್ಲಿ ಬರುತ್ತದೆ, ಹಣವೂ ತುಂಡು ತುಂಡಾಗಿ ಬರುತ್ತದೆ. ಬಿಡಿಸುವ ಕೂಲಿಯನ್ನು ಮಾತ್ರ ಮಾರುವ ಮೊದಲೇ, ಕೆ.ಜಿ. ಲೆಕ್ಕದಲ್ಲಿ, ಕೈಮೇಲೆ ಕೊಡಬೇಕು. ಆದ್ದರಿಂದ ಮೊದಲ ಬಿಡಿಕೆಯ ಹಣದಲ್ಲಿ ಎರಡನೇ ಬಿಡಿಕೆಯ ಕೂಲಿಯನ್ನು ಎತ್ತಿಟ್ಟ ಮೇಲೆಯೇ ಮಿಕ್ಕದ್ದು. ಹತ್ತಿ ನಿಗಮದ ಕೇಂದ್ರದಲ್ಲಿ ತೇವಾಂಶ ಶೇ 8ರ ಒಳಗಿದ್ದರೆ ಪೂರ್ತಿ ಬೆಲೆ, 12ರವರೆಗೆ ಕಡಿತ, ಅದಕ್ಕೂ ಮೀರಿದರೆ ವಾಪಸ್. ಮಂಜು ಬಿದ್ದ ಬೆಳಿಗ್ಗೆ ಬಿಡಿಸಿದ್ದನ್ನು ಒಣಗಿಸದೆ ಗಾಡಿಗೆ ಹೇರಿದರೆ ಬಾಡಿಗೆಯೂ ಹೋಯಿತು, ಬೆಲೆಯೂ ಹೋಯಿತು. ಅಲ್ಲಿನ ಹಣ ಆಧಾರ್ ಜೋಡಿಸಿದ ಖಾತೆಗೆ ಬೀಳುತ್ತದೆ. ಖಾತೆಗೆ ಬಿದ್ದ ಮೇಲೆಯೇ ಜಮಾ ಬರೆಯಬೇಕು.

ಇನ್ನು ಸಾಲ. ನಮ್ಮ ಭಾಗದ ಮನೆಗಳ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲೇ. ಒಂದೊಂದು ಸಾಲಕ್ಕೆ ಒಂದೊಂದು ಭಾಷೆ: ಬ್ಯಾಂಕಿನದು ವರ್ಷಕ್ಕೆ ಶೇಕಡಾ, ಕೈಗಡದ್ದು ತಿಂಗಳಿಗೆ ನೂರಕ್ಕೆ ಎರಡೋ ಮೂರೋ, ಕಿರಾಣಿ ಅಂಗಡಿಯದು ಉದ್ದರಿ, ಸಂಘದ್ದು ವಾರದ ಕಂತು. ಭಾಷೆ ಬೇರೆಯಾದ್ದರಿಂದ ಯಾವುದು ತುಟ್ಟಿ ಎಂದು ಹೋಲಿಸಲು ಆಗುವುದಿಲ್ಲ. ಎಲ್ಲವನ್ನೂ ಒಂದೇ ಹಾಳೆಯಲ್ಲಿ, ವರ್ಷದ ಬಡ್ಡಿಗೆ ತಿರುಗಿಸಿ ಬರೆಯಿರಿ. ನೂರಕ್ಕೆ ಎರಡು ಅಂದರೆ ವರ್ಷಕ್ಕೆ 24. ನೂರಕ್ಕೆ ಮೂರು ಅಂದರೆ 36, ಐವತ್ತು ಸಾವಿರಕ್ಕೆ ಎಂಟು ತಿಂಗಳಲ್ಲಿ 12,000 ರೂಪಾಯಿ. ಉದ್ದರಿಗೆ ಬಡ್ಡಿಯೇ ಇಲ್ಲ ಎಂದುಕೊಳ್ಳುತ್ತೇವೆ. ಆದರೆ ಉದ್ದರಿ ದರ ನಗದು ದರಕ್ಕಿಂತ ನೂರಕ್ಕೆ ನಾಲ್ಕು ಹೆಚ್ಚಿದ್ದು, ತಿಂಗಳಿಗೊಮ್ಮೆ ತೀರಿಸುವುದಾದರೆ ಅದು ವರ್ಷಕ್ಕೆ 48ರ ಬಡ್ಡಿ. ಎಣ್ಣೆ, ಸಕ್ಕರೆ, ಬೇಳೆಯ ದರವನ್ನು ಎರಡು ಅಂಗಡಿಯಲ್ಲಿ ಕೇಳಿ ನೋಡಿದರೆ ಸಾಕು, ತಿಳಿಯುತ್ತದೆ.

ದಲಾಲಿ ಅಂಗಡಿಯ ಮುಂಗಡವನ್ನು ವಿಶೇಷವಾಗಿ ಲೆಕ್ಕ ಹಾಕಬೇಕು. ಒಂದು ಲಕ್ಷ, ನೂರಕ್ಕೆ ಎರಡರಂತೆ ಆರು ತಿಂಗಳಿಗೆ 12,000 ಬಡ್ಡಿ. ಮಾಲನ್ನು ಅಲ್ಲೇ ಹಾಕಬೇಕು ಎಂಬ ಕರಾರಿನಿಂದ ಚೀಲಕ್ಕೆ 50 ರೂಪಾಯಿ ಕಡಿಮೆ ಸಿಕ್ಕರೆ 152 ಚೀಲಕ್ಕೆ ಇನ್ನೂ 7,600. ಆರು ತಿಂಗಳಿಗೆ 19,600, ವರ್ಷಕ್ಕೆ ನೂರಕ್ಕೆ 39 ಆಯಿತು. ಇದಕ್ಕೆ ಎದುರಾಗಿ ಸಹಕಾರ ಸಂಘದ ಅಲ್ಪಾವಧಿ ಬೆಳೆ ಸಾಲಕ್ಕೆ, ಗಡುವಿನೊಳಗೆ ಕಟ್ಟಿದರೆ, 5 ಲಕ್ಷದವರೆಗೆ ಬಡ್ಡಿಯೇ ಇಲ್ಲ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇ 7, ಗಡುವಿನೊಳಗೆ ಕಟ್ಟಿದವರಿಗೆ ಶೇ 4. ಎರಡರಲ್ಲೂ ಸವಲತ್ತು ನಿಂತಿರುವುದು ಗಡುವಿನ ತಾರೀಖಿನ ಮೇಲೆ. ಅದನ್ನು ಕ್ಯಾಲೆಂಡರ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಬೇಕು. ಸಾಲ ಹೊಸದು ಮಾಡಿಸಲು ಕೈಗಡ ತಂದು ಕಟ್ಟುವ ರೂಢಿ ಇದೆ. ಒಂದು ಲಕ್ಷಕ್ಕೆ ನೂರಕ್ಕೆ ಮೂರರಂತೆ ಹತ್ತು ದಿನಕ್ಕೆ ಸಾವಿರ ರೂಪಾಯಿ, ಅಷ್ಟಕ್ಕೇ ಮುಗಿದರೆ ನಷ್ಟವಲ್ಲ. ಆದರೆ ಕಾಗದ ತಡವಾಗಿ ಎರಡು ತಿಂಗಳಾದರೆ ಆರು ಸಾವಿರ. ಪಹಣಿ, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಆಧಾರ್‌ನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳದವರಿಗೆ ಹೀಗಾಗುತ್ತದೆ. ತೀರಿಹೋದ ತಂದೆಯ ಹೆಸರಲ್ಲೇ ಪಹಣಿ ಇದ್ದರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸದೆ ಸಾಲವೂ ಕಷ್ಟ, ಪರಿಹಾರವೂ ಕಷ್ಟ.

ಮೈಕ್ರೋಫೈನಾನ್ಸ್ ಸಾಲದಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ: ವರ್ಷಕ್ಕೆ ನಿಜವಾದ ಬಡ್ಡಿ ಎಷ್ಟು? ಕಂತು ಕಟ್ಟುತ್ತಾ ಅಸಲು ಇಳಿಯುತ್ತದೆ, ಆದರೆ ಬಡ್ಡಿಯನ್ನು ಮೊದಲ ಮೊತ್ತದ ಮೇಲೇ ಹಾಕಿದ್ದರೆ, ನೂರಕ್ಕೆ 12 ಎಂದು ಹೇಳಿದ ಒಂದು ವರ್ಷದ ಸಾಲ ವಾಸ್ತವದಲ್ಲಿ 21–22ರ ಹತ್ತಿರ ಬೀಳುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವಾರ್ಷಿಕ ದರವನ್ನು ಬರೆದುಕೊಡಬೇಕು, ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಮ್ಮಲ್ಲಿ ತೊಡಕಾಗುವುದು ಈ ಕೊನೆಯ ಮಾತಿನಲ್ಲೇ. ಸುಗ್ಗಿಯ ಹಣವನ್ನು ಹನ್ನೆರಡರಿಂದ ಭಾಗಿಸದೆ ಫಾರಂನಲ್ಲಿ ದೊಡ್ಡ ಆದಾಯ ಬರೆಸಿದರೆ ಕಂತು ಕೈಮೀರುತ್ತದೆ, ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ ಶುರುವಾಗುತ್ತದೆ. ಅಕ್ಕಪಕ್ಕದ ಮನೆಯವರ ಜಾಮೀನಿಗೆ ಸಹಿ ಹಾಕಿದ್ದರೆ ಅದನ್ನೂ ಸಾಲದ ಹಾಳೆಯಲ್ಲೇ ಬರೆಯಿರಿ. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಬರುವಂತಿಲ್ಲ. ಬಲವಂತದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ ಆಮೇಲೆ ಕಾಯ್ದೆಯೇ ಆಗಿದೆ, ಹೆದರಿ ಊರು ಬಿಡುವ ಅಗತ್ಯವಿಲ್ಲ.

ಪುಸ್ತಕ ಬರೆಯುವುದು ಕಷ್ಟವಲ್ಲ. ಇನ್ನೂರು ಪುಟದ ಉದ್ದನೆ ನೋಟ್‌ಬುಕ್ ಎರಡು, ಒಂದು ಹೊಲದ್ದು, ಒಂದು ಮನೆಯದು. ತಾರೀಖು, ವಿವರ, ಜಮಾ, ಖರ್ಚು, ಶಿಲ್ಕು (ಉಳಿಕೆ) ಎಂದು ಐದು ಕಾಲಂ. ಹೊಲದಿಂದ ಮನೆಗೆ ಹಣ ಹೋದರೆ ಅಲ್ಲಿ ಖರ್ಚು, ಇಲ್ಲಿ ಜಮಾ, ಎರಡರಲ್ಲೂ ಬರೆಯಬೇಕು. ಇದೊಂದನ್ನು ಬಿಟ್ಟರೆ ವರ್ಷದ ಕೊನೆಗೆ ಹೊಲ ಲಾಭದಲ್ಲಿತ್ತೋ ನಷ್ಟದಲ್ಲಿತ್ತೋ ತಿಳಿಯುವುದಿಲ್ಲ. ಮನೆಯವರ ದುಡಿಮೆಗೂ ಆ ದಿನದ ಕೂಲಿ ದರ ಹಾಕಿ ಪಕ್ಕದಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಲೀಜಿಗೆ ಹೊಲ ಹಿಡಿದವರಿಗಂತೂ ಇದಿಲ್ಲದೆ ಮುಂದಿನ ವರ್ಷ ಎಷ್ಟಕ್ಕೆ ಹಿಡಿಯಬೇಕೆಂದು ಗೊತ್ತಾಗುವುದೇ ಇಲ್ಲ. ವಾರಕ್ಕೊಮ್ಮೆ, ಸಂತೆಯ ದಿನ ರಾತ್ರಿ, ಕೈಯಲ್ಲಿರುವ ನಗದು ಎಣಿಸಿ, ಖಾತೆಯ ಬಾಕಿ ನೋಡಿ ಶಿಲ್ಕಿಗೆ ತಾಳೆ ಹಾಕಿ. ಐವತ್ತು ರೂಪಾಯಿ ಆಚೀಚೆ ಆದರೆ ‘ಮರೆತ ಖರ್ಚು’ ಎಂದು ಬರೆದು ಮುಂದೆ ಹೋಗಿ, ಹಿಂದಿನದನ್ನು ಅಳಿಸಿ ತಿದ್ದಬೇಡಿ. ವಾರ ವಾರವೂ ಐನೂರು ತಪ್ಪುತ್ತಿದ್ದರೆ ಫೋನಿನ ಪಾವತಿ ಪಟ್ಟಿ ತೆಗೆದು ನೋಡಿ. ಇಪ್ಪತ್ತು, ಮೂವತ್ತರ ಸಣ್ಣ ಪಾವತಿಗಳು ನೋಟು ಎಣಿಸಿ ಕೊಟ್ಟಂತೆ ನೆನಪಿನಲ್ಲಿ ಉಳಿಯುವುದಿಲ್ಲ. ಪುಸ್ತಕ ಬಿಟ್ಟುಹೋಗುವುದು ಸಾಮಾನ್ಯವಾಗಿ ನಾಟಿ ಮತ್ತು ಕಟಾವಿನ ವಾರಗಳಲ್ಲಿ, ಖರ್ಚು ಅತಿ ಹೆಚ್ಚಿರುವ ಹೊತ್ತಿನಲ್ಲೇ. ಆ ವಾರಗಳಲ್ಲಿ ಚೀಟಿಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಟ್ಟು ಆಮೇಲೆ ಬರೆದರೂ ಸಾಕು. ಯಂತ್ರದಲ್ಲಿ ಬರುವ ನುಣುಪು ಕಾಗದದ ರಸೀದಿ ನಮ್ಮ ಬಿಸಿಲಿಗೆ ಬೇಗ ಬಿಳುಚುತ್ತದೆ, ಗೊಬ್ಬರ–ಬೀಜದ ರಸೀದಿಗಳನ್ನು ಅವತ್ತೇ ಫೋಟೋ ತೆಗೆದಿಡಿ. ಬೀಜ ಮೊಳೆಯದಿದ್ದರೆ ದೂರಿಗೆ ಆಧಾರ ಅದೇ.

ಗೃಹಲಕ್ಷ್ಮಿಯ 2,000 ಮತ್ತು ಪಿಎಂ ಕಿಸಾನ್‌ನ ಕಂತನ್ನು ಹಾಲು, ತರಕಾರಿಯಂಥ ದಿನದ ಖರ್ಚಿಗೆ ಮೊದಲೇ ಹಂಚಿಬಿಡಬಾರದು. ಕಂತು ತಡವಾಗಿ ಎರಡು ಮೂರು ಒಟ್ಟಿಗೆ ಬಂದದ್ದುಂಟು. ಬಂದ ಮೇಲೆ ಮಾಡಬಹುದಾದ, ಒಂದು ತಿಂಗಳು ತಡೆಯಬಹುದಾದ ಕೆಲಸಕ್ಕೆ ಇಡಿ. ಹತ್ತು ವರ್ಷದೊಳಗಿನ ಮಗಳಿದ್ದರೆ ಸುಕನ್ಯಾ ಸಮೃದ್ಧಿ ಖಾತೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ವರ್ಷಕ್ಕೆ ಕನಿಷ್ಠ 250 ಕಟ್ಟಿದರೆ ಸಾಕು, ತಿಂಗಳು ತಪ್ಪಿದರೆ ತೊಂದರೆ ಇಲ್ಲ. ಅಂಚೆಯ ಆರ್‌ಡಿಯಲ್ಲಾದರೆ ಪ್ರತಿ ತಿಂಗಳೂ ಕಟ್ಟಲೇಬೇಕು.

ಕಾಳುಕಡ್ಡಿಯ ಲೆಕ್ಕ ಮರೆಯಬೇಡಿ. ಒಂದು ಚೀಲ ಭತ್ತಕ್ಕೆ ಸುಮಾರು 50 ಕೆ.ಜಿ. ಅಕ್ಕಿ, ದಿನಕ್ಕೆ ಒಂದು ಕೆ.ಜಿ. ಬೇಯುವ ಮನೆಗೆ ಎಂಟು ಚೀಲ ಬೇಕು, ಪಡಿತರದ ಅಕ್ಕಿ ಅದರಲ್ಲಿ ಕಳೆಯಿರಿ. ದಿನಕ್ಕೆ ಒಂದೂವರೆ ಕೆ.ಜಿ. ಹಿಟ್ಟಿನ ರೊಟ್ಟಿ ಬಡಿಯುವ ಮನೆಗೆ ವರ್ಷಕ್ಕೆ ಐದೂವರೆ ಕ್ವಿಂಟಲ್ ಜೋಳ. ಹಿಂಗಾರಿ ಜೋಳ ಕಣಕ್ಕೆ ಬಂದಾಗ ಒಟ್ಟಿಗೆ ಕೊಂಡರೆ ಅಗ್ಗ. ಆದರೆ ಬಡ್ಡಿಗೆ ಹಣ ತಂದು ಕೊಂಡರೆ ಆ ಅಗ್ಗ ಉಳಿಯುವುದಿಲ್ಲ. ಸರಿಯಾಗಿ ಒಣಗಿಸದಿದ್ದರೆ ಹುಳ ತಿಂದು ಹಣವೂ ಹೋಗುತ್ತದೆ.

ವಿಮೆಯಲ್ಲಿ ಆಗುವ ತಪ್ಪು ಎರಡು. ಜೀವನಜ್ಯೋತಿಯ 436, ಸುರಕ್ಷಾದ 20 ರೂಪಾಯಿ ಮೇ ಕೊನೆಯ ಹೊತ್ತಿಗೆ ಖಾತೆಯಿಂದ ತಾನೇ ಕಡಿತವಾಗುತ್ತದೆ. ಬೇಸಿಗೆಯಲ್ಲಿ ಖಾತೆ ಖಾಲಿ ಇರುವ ನಮ್ಮ ಭಾಗದಲ್ಲಿ ಹಣವಿಲ್ಲದೆ ವಿಮೆ ನಿಂತುಹೋಗುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಮೇ 15ರಿಂದ ತಲಾ 500 ಖಾತೆಯಲ್ಲಿ ಬಿಟ್ಟಿರಿ, ಜೂನ್‌ನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿ ಕಡಿತವಾಗಿದೆಯೇ ನೋಡಿ, ನಾಮಿನಿ ಹೆಸರನ್ನೂ ನೋಡಿ. ಬೆಳೆ ವಿಮೆಯಲ್ಲಿ ರೈತರ ಪಾಲು ಮುಂಗಾರಿಗೆ ಶೇ 2, ಹಿಂಗಾರಿಗೆ 1.5, ಹತ್ತಿಯಂಥ ವಾಣಿಜ್ಯ ಬೆಳೆಗೆ 5. ಎರಡನೇ ತಪ್ಪು ಆಗುವುದು ಇಲ್ಲಿ: ಆಲಿಕಲ್ಲು, ನೆರೆಯಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ತಿಳಿಸಿದ ತಾರೀಖು, ಸಿಕ್ಕ ನಂಬರು ಹೊಲದ ಪುಸ್ತಕದಲ್ಲಿರಲಿ.

ಬಳ್ಳಾರಿಯ ಜೀನ್ಸ್ ಹೊಲಿಗೆಯವರ ಹಾಗೆ ವಾರದ ಬಟವಾಡೆ ಪಡೆಯುವ ಮನೆಗಳಿಗೆ ಒಂದು ಸೂಚನೆ: ತಿಂಗಳ ಖರ್ಚನ್ನು ನಾಲ್ಕು ವಾರದ ದುಡಿಮೆಗೆ ಹೊಂದಿಸಿ. ವರ್ಷಕ್ಕೆ 52 ವಾರ, ಹನ್ನೆರಡು ನಾಲ್ಕಲೆ 48. ಐದು ಬಟವಾಡೆ ಬೀಳುವ ತಿಂಗಳ ಐದನೆಯದನ್ನು ಮುಟ್ಟದಿದ್ದರೆ ಶಾಲೆ ಫೀಸು ಅಲ್ಲೇ ಸಿಗುತ್ತದೆ.

ತಮ್ಮ ಪತ್ರಿಕೆಗೆ ನಮ್ಮದೊಂದು ಕೋರಿಕೆ ಇದೆ. ಮಾರುಕಟ್ಟೆ ಧಾರಣೆ ಪುಟದಲ್ಲಿ ಭತ್ತದ ದರವನ್ನು ಕ್ವಿಂಟಲ್ ಜೊತೆಗೆ 75 ಕೆ.ಜಿ. ಚೀಲಕ್ಕೂ ಕೊಡಿ, ಪಕ್ಕದಲ್ಲೇ ಬೆಂಬಲ ಬೆಲೆಯನ್ನೂ ಹಾಕಿ. ಬೆಳೆ ವಿಮೆ ನೋಂದಣಿಯ ಕೊನೆಯ ದಿನ, ಬೆಂಬಲ ಬೆಲೆ ಕೇಂದ್ರಗಳ ನೋಂದಣಿ, ಕಾಲುವೆಗೆ ನೀರು ಬಿಡುವ–ನಿಲ್ಲಿಸುವ ತಾರೀಖು, ಇವು ಜಿಲ್ಲಾ ಪುಟದ ಒಂದೇ ಮೂಲೆಯಲ್ಲಿ ವಾರಕ್ಕೊಮ್ಮೆ ಬಂದರೆ ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಕೊಳ್ಳುವ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ.

ಇತಿ,
ಮಹಿಳಾ ಸ್ವಸಹಾಯ ಸಂಘಗಳ ಲೆಕ್ಕಪುಸ್ತಕ ಬರೆಯುವವರು,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ